ಮುಂದಿನ ಸೀಟಿನಿಂದ ಇಳಿಯುವ ದಾರಿ

ಕಳೆದ ವಾರ ಅಲ್ ಐನ್‌ನ ನಮ್ಮ ಶಾಲೆಯಲ್ಲಿ ಚರ್ಚಾಸ್ಪರ್ಧೆಯ ತಾಲೀಮು ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೇಜಿನ ಕೆಳಗೆ ಕೈ ಅಡಗಿಸಿಟ್ಟುಕೊಂಡು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಕಿಟಕಿ ಮುಚ್ಚಿದ ಕೋಣೆ, ಎ.ಸಿ. ಓಡುತ್ತಿತ್ತು. ವಾಸನೆ ಮುಂದಿನ ಸಾಲು ದಾಟಿ ಬರಲು ಹೊತ್ತು ಬೇಕಾಗಲಿಲ್ಲ. “ಸರ್, ಆರ್ ಯು ಓಕೆ?” ಎಂದು ಯಾರೋ ಕೇಳಿದರು. ನಾನು ವಾಕ್ಯದ ನಡುವೆ ನಿಂತುಬಿಟ್ಟಿದ್ದೆನಂತೆ. ವಾಕ್ಯದ ನಡುವೆ ನಿಲ್ಲುವವನಲ್ಲ ನಾನು. ಮಕ್ಕಳಿಗೆ ಅದು ಗೊತ್ತು, ಆದ್ದರಿಂದಲೇ ಗಾಬರಿಯಾದರು.

ನನ್ನ ಮೂಗಿಗೆ ಅದು ವಿಮಾನದ ರೆಕ್ಕೆಯ ವಾಸನೆ. ದುಬೈಯ ಅಲ್ ಕೂಜ್‌ನಲ್ಲಿ, ತಗಡಿನ ಶೆಡ್ಡೊಂದರೊಳಗೆ, ಒಂದು ಇಡೀ ಬೇಸಿಗೆ ನಾನು ಆ ವಾಸನೆಯನ್ನು ಉಸಿರಾಡಿದ್ದೇನೆ.

ಶೆಡ್ಡು ಜಯಕರ ಮಾವನದು. ಪ್ರದರ್ಶನಗಳಿಗೆ ಮಳಿಗೆ ಕಟ್ಟಿಕೊಡುವುದು ಅವರ ಕಸುಬು: ಮೂರು ದಿನ ನಿಲ್ಲುವ ಅರಮನೆ, ಐದು ದಿನ ನಿಲ್ಲುವ ಬಂದರು, ಎಲ್ಲ ಪ್ಲೈವುಡ್ಡು ಮತ್ತು ಥರ್ಮಕೋಲು. ಆ ವರ್ಷ ಬೇರೆಯೇ ತರದ ಕೆಲಸ ಬಂತು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಹೊಸದಾಗಿ ಎದ್ದ ಟವರ್ ಒಂದರ ಲಾಬಿಯಲ್ಲಿ ಹಳೆಯ ತರಬೇತಿ ವಿಮಾನವೊಂದನ್ನು ತೂಗುಹಾಕಬೇಕು. ಮೇಲೊಂದು ಕೆಳಗೊಂದು ರೆಕ್ಕೆಯ, ತೆರೆದ ಎರಡು ಸೀಟಿನ ಟೈಗರ್ ಮಾತ್. ಹೆಸರಿನಲ್ಲಿ ಹುಲಿ, ಮೈಯಲ್ಲಿ ಮರ, ತಂತಿ, ಬಟ್ಟೆ. ಎಲ್ಲೆಲ್ಲಿಂದಲೋ ಬಂದ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದಿಳಿದವು. ಹಾರಬೇಕಾಗಿಲ್ಲ, ಆದರೆ ಹಾರುತ್ತಿದ್ದ ಕಾಲದಲ್ಲಿ ಹೇಗೆ ಕಟ್ಟುತ್ತಿದ್ದರೋ ಹಾಗೆಯೇ ಕಟ್ಟಬೇಕು ಎಂಬುದು ಷರತ್ತು. ಗೋಡೆಯ ಮೇಲೆ ಹಾಕುವ ಚರಿತ್ರೆ ಬರೆಯುವ ಕೆಲಸ ನನ್ನದು.

ಮಾವ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ವೀಸಾ ಕೊಟ್ಟವರು ಅವರು. ಸಂಬಳ ಕೊಡುವವರು ಅವರು. ನಾನು ಮಲಗುತ್ತಿದ್ದ ಕರಾಮದ ಫ್ಲ್ಯಾಟು ಅವರದು. ಇದು ಸಾಲದೆಂಬಂತೆ ಅಮ್ಮನ ಅಣ್ಣ. ಉಡುಪಿ ಕಡೆಯ ನಮ್ಮಂಥ ಅಳಿಯಸಂತಾನದ ಮನೆಗಳಲ್ಲಿ ಅಪ್ಪ ಬಂದು ಹೋಗುವ ನೆಂಟನಿದ್ದ ಹಾಗೆ. ಮನೆತನ ಇಳಿಯುವುದು ಸೋದರಮಾವನಿಂದ ಸೋದರಳಿಯನಿಗೆ. ಕಾನೂನು ಅದನ್ನು ಎಂದೋ ಬದಲಿಸಿತು, ನಮ್ಮ ಅಮ್ಮಂದಿರನ್ನು ಯಾರೂ ಬದಲಿಸಲಿಲ್ಲ. ಆ ಮನೆತನದ ಯಜಮಾನಿಕೆಯಲ್ಲಿ ಆಗ ಕೂತಿದ್ದವರು ಮಾವನ ಮಾವ. ನಾವೆಲ್ಲ ದೊಡ್ಡ ಮಾವ ಎನ್ನುತ್ತಿದ್ದೆವು. ನನ್ನ ಅಕ್ಕ ವಿನುತಾ ಬೇರೆ ಜಾತಿಯ ಹುಡುಗನನ್ನು ಮದುವೆಯಾದಾಗ ಅವಳು ಇನ್ನು ಮನೆಯ ಮೆಟ್ಟಿಲು ಹತ್ತಬಾರದೆಂದವರು ಅವರೇ. ಆ ವರ್ಷ ಬೇಸಿಗೆ ಶುರುವಾಗುವ ಮುಂಚೆ ತೀರಿಕೊಂಡರು. ನನಗೆ ದುಃಖವಾಗಲಿಲ್ಲ. ಅದು ನನಗೆ ಸಂಬಂಧಪಟ್ಟ ವಿಷಯವೆಂದೂ ಅನಿಸಲಿಲ್ಲ.

ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಊದ್ ಮೇಥಾದ ಶಾಲೆಯೊಂದರಲ್ಲಿ ನಡೆದ ಅಂತರಶಾಲಾ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಮಂಗಳೂರಿನ ಕಾಲೇಜಿನಲ್ಲಿ ಗೆದ್ದ ಕಪ್ಪುಗಳಿಂದ ನನಗೆ ಈ ದೇಶದಲ್ಲಿ ಆದ ಒಂದೇ ಉಪಯೋಗ ಅದು. ಅಲ್ಲಿ ಅಲ್ ಐನ್‌ನ ಪ್ರಿನ್ಸಿಪಾಲರೊಬ್ಬರು ಪರಿಚಯವಾಗಿ, ಮಕ್ಕಳಿಗೆ ವಾದ ಕಲಿಸುವ ಕೆಲಸ ಕೊಡುತ್ತೇನೆಂದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವಾಗ ನಾನು ಅಲ್ಲಿರಬೇಕು, ಇಲ್ಲವಾದರೆ ಬೇರೆಯವರು. ಅದಕ್ಕೆ ಮಾವ ನನ್ನ ವೀಸಾ ಕ್ಯಾನ್ಸಲ್ ಮಾಡಬೇಕು.

“ಮಾವ, ನನಗೆ ಆ ಕೆಲಸ ಬೇಕು.”

“ಹೌದಾ? ಒಳ್ಳೆಯ ಕೆಲಸ ಮಾರಾಯ. ವಾದ ಮಾಡುವ ಮಕ್ಕಳಿಗೆ ಊರಲ್ಲಿ ಪೆಟ್ಟು ಕೊಡ್ತಾರೆ, ಇಲ್ಲಿ ಮೇಷ್ಟ್ರನ್ನು ಕೊಡ್ತಾರೆ.”

“ಹಾಗಾದರೆ ಕ್ಯಾನ್ಸಲ್ ಮಾಡಿ.”

“ಮಾಡುವಾ. ಮಾಡದೆ ಎಂತ?”

“ಯಾವಾಗ?”

“ಮಾಡುವಾ ಅಂದೆನಲ್ಲ. ವಿಮಾನ ಒಂದು ಆಗ್ಲಿ.”

ನಾವು ಮಾತಾಡುತ್ತಿದ್ದದ್ದು ತುಳು. ಯಾವ ಭಾಷೆಯಲ್ಲಿ ಕೇಳಿದರೂ ಅವರ ಉತ್ತರ ಬದಲಾಗುತ್ತಿರಲಿಲ್ಲ. ಇಲ್ಲ ಎನ್ನುವವನನ್ನು ಸೋಲಿಸುವುದು ಸುಲಭ. ಅವನ ಇಲ್ಲವನ್ನು ಹಿಡಿದು ಎಳೆಯಬಹುದು. ಎಲ್ಲದಕ್ಕೂ ಹೌದು ಎಂದು ತಲೆಯಾಡಿಸಿ, ಇದ್ದಲ್ಲಿಂದ ಅಲುಗಾಡದವನ ಎದುರು ನನ್ನ ಹತ್ತು ವರ್ಷದ ತಾಲೀಮು ಗಾಳಿಗೆ ಗುದ್ದಿದ ಹಾಗಾಯಿತು. ನೋಟಿಸ್ ಕೊಟ್ಟು ಹೊರಡುವ ಹಕ್ಕು ಇಲ್ಲಿಯ ಕಾನೂನಿನಲ್ಲೇ ಇದೆಯೆಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

“ಮಾವನಿಗೆ ನೋಟೀಸಾ?” ಎಂದರು ಅಮ್ಮ. “ನಿನ್ನ ತಲೆ ಸಮ ಉಂಟಾ? ಹಾಗಾದ್ರೆ ನನಗೂ ಒಂದು ಕೊಡು, ಹೆತ್ತದ್ದಕ್ಕೆ.”

ಜುಲೈ ಬಂತು. ಆ ತಿಂಗಳಲ್ಲಿ ದುಬೈಯ ಹೊರಗಡೆ ಎಂಬುದು ಕಾರಿಗೂ ಬಾಗಿಲಿಗೂ ನಡುವಿನ ಅಂತರ ಮಾತ್ರ. ಬೆಳಿಗ್ಗೆಯೇ ಕನ್ನಡಕಕ್ಕೆ ಹಬೆ ಹಿಡಿಯುತ್ತದೆ. ಹಳೆಯ ವಿಮಾನದ ರೆಕ್ಕೆಗೆ ಹೊದಿಸಿದ ಬಟ್ಟೆ ಬಿಗಿದು ತಮಟೆಯಾಗಲು ಒಂದು ಬಗೆಯ ವಾರ್ನಿಶ್ ಬಳಿಯುತ್ತಾರೆ. ಕಸುಬಿನವರು ಅದನ್ನು ಡೋಪ್ ಎನ್ನುತ್ತಾರೆ, ಉಗುರಿನ ಬಣ್ಣದ್ದೇ ವಾಸನೆ. ತೇವದ ಗಾಳಿ ತಾಗಿದರೆ ಅದು ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಶೆಡ್ಡಿನ ದೊಡ್ಡ ಬಾಗಿಲನ್ನು ತೆರೆಯುವ ಹಾಗಿರಲಿಲ್ಲ. ಮೂಲೆಯಲ್ಲೊಂದು ಫ್ಯಾನು ಹೊಗೆಯನ್ನು ಹೊರಗೆ ಎಳೆಯುತ್ತಿತ್ತು, ಅದರ ಪಾಲಿಗೆ ಬಂದಷ್ಟು. ಉಳಿದದ್ದು ನಮ್ಮ ಪಾಲಿಗೆ. ಮಾಸ್ಕು ಹಾಕಿಕೊಂಡರೂ ಸಂಜೆಯ ಅನ್ನಕ್ಕೆ ಅದೇ ರುಚಿ. ನಾನು ಚರಿತ್ರೆ ಬರೆಯುತ್ತಿದ್ದ ಮೇಜು ಆ ಶೆಡ್ಡಿನೊಳಗೇ ಇತ್ತು.

ಬಟ್ಟೆ ಹೊಲಿಯಲು ಲವೀನಾ ಬಾಯಿ ಬಂದರು. ಶಿರ್ವ ಕಡೆಯ ಕೊಂಕಣಿ ಕ್ರೈಸ್ತರು, ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ತುಳು, ಸಿಟ್ಟು ಬಂದರೆ ಹಿಂದಿ. ಮಾವನ ಮಳಿಗೆಗಳ ಪರದೆಗಳನ್ನೆಲ್ಲ ಹೊಲಿದವರು ಅವರೇ. ಅವರ ವೀಸಾ ಕೂಡ ಮಾವನ ಕಂಪನಿಯದೇ. ರೆಕ್ಕೆಯನ್ನು ಸುತ್ತಿ ಬಂದು ನೋಡಿ, “ಇದು ದಿಂಬಿನ ಗವಸು, ಸ್ವಲ್ಪ ಉದ್ದ ಅಷ್ಟೇ” ಎಂದರು.

ಆದರೆ ದಿಂಬನ್ನು ಒಬ್ಬರೇ ಹೊಲಿಯಬಹುದು. ರೆಕ್ಕೆಗೆ ಇಬ್ಬರು ಬೇಕು. ಅದನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ, ಮೊಳದುದ್ದದ ಸೂಜಿಯನ್ನು ಒಬ್ಬರು ಈಚೆಯಿಂದ ತೂರಿಸಬೇಕು, ಆಚೆ ನಿಂತವರು ಎಳೆದುಕೊಂಡು ಒಳಗಿನ ಮರದ ಪಟ್ಟಿಯನ್ನು ಬಳಸಿ ವಾಪಸು ತೂರಿಸಬೇಕು, ಮತ್ತೆ ಈಚೆಯವರು ಗಂಟು ಬಿಗಿಯಬೇಕು. ಒಂದು ಪಟ್ಟಿ ಶುರುವಾದ ಮೇಲೆ ಮುಗಿಯುವವರೆಗೆ ಇಬ್ಬರೂ ಕದಲುವಂತಿಲ್ಲ, ನೂಲು ಸಡಿಲಾಗುತ್ತದೆ. ಬೇರೆ ಕೈ ಸಿಗದೆ ಆಚೆ ಬದಿಗೆ ನನ್ನನ್ನೇ ನಿಲ್ಲಿಸಿದರು. ಮುಖ ಕಾಣುವುದಿಲ್ಲ, ದನಿ ಮಾತ್ರ ಬಟ್ಟೆಯೊಳಗಿಂದ ಬರುತ್ತದೆ.

“ಇಗರ್ಜಿಯಲ್ಲಿ ಪಾಪ ಹೇಳುವ ಪೆಟ್ಟಿಗೆ ಹೀಗೇ ಪುತಾ,” ಎಂದರು ಲವೀನಾ ಬಾಯಿ. “ಹೇಳು, ಎಂತ ಪಾಪ ಮಾಡಿದ್ದಿ?”

“ಇಲ್ಲಿಗೆ ಬಂದದ್ದೇ.”

“ಅದು ಪಾಪ ಅಲ್ಲ, ಪ್ರಾಯಶ್ಚಿತ್ತ. ಸೂಜಿ ಕೊಡು.”

ಚರಿತ್ರೆಯ ವಿಷಯಕ್ಕೆ ಬರುತ್ತೇನೆ. ಲಾಬಿಯವರಿಗೆ ಬೇಕಾಗಿದ್ದದ್ದು ವೀರಗಾಥೆ: ಈ ವಿಮಾನದಲ್ಲಿ ಇಂಥ ಸೇನಾನಿ ಹಾರಲು ಕಲಿತ, ಇದು ಇದೇ ಮರಳಿನ ಮೇಲೆ ಹಾರಿತ್ತು. ಪುರಾವೆ ಎಲ್ಲಿ ಎಂದೆ. ಅವರ ಹತ್ತಿರ ಇರಲಿಲ್ಲ. ಹಲವು ವಿಮಾನಗಳ ಅವಯವ ಸೇರಿಸಿ ಕಟ್ಟಿದ್ದಕ್ಕೆ ಒಂದು ಜಾತಕ ಬರೆಯುವುದು ಹೇಗೆ ಎಂದು ಜಗಳವಾಡಿ, ಗೊತ್ತಿರುವುದನ್ನಷ್ಟೇ ಬರೆದೆ. ಮೂವತ್ತರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಮಹಾಯುದ್ಧದ ಹೊತ್ತಿಗೆ ನಮ್ಮ ದೇಶವೂ ಸೇರಿ ಎಷ್ಟೋ ಕಡೆ ಹೊಸಬರು ಮೊದಲು ಹತ್ತಿದ್ದು ಇದನ್ನೇ. ಬ್ರೇಕ್ ಇಲ್ಲ. ಮೂತಿಯ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಇಂಜಿನ್ ಎಬ್ಬಿಸಬೇಕು. ಗುರುವಿಗೂ ಶಿಷ್ಯನಿಗೂ ಒಂದೊಂದು ಚಾಲನೆಯ ಕೋಲು, ಆದರೆ ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಮಾತಿಗೆ ನಡುವೆ ಒಂದು ಕೊಳವೆ. ಮೋಡದೊಳಗೆ ಹಾರುವುದನ್ನು ಕಲಿಸಲು ಶಿಷ್ಯನ ಸೀಟಿನ ಮೇಲೆ ಕ್ಯಾನ್ವಾಸಿನ ಮುಸುಕು ಎಳೆಯುತ್ತಿದ್ದರು. ಅವನಿಗೆ ಆಕಾಶವಿಲ್ಲ, ನೆಲವಿಲ್ಲ, ಎದುರಿನ ಮೀಟರುಗಳ ಮುಳ್ಳುಗಳು ಮಾತ್ರ. ಅದನ್ನು ಓದಿದ ದಿನ ನಾನು ಅಕ್ಕನಿಗೆ ಮೆಸೇಜು ಹಾಕಿದೆ: “ನನ್ನ ಫೋಟೋ ಸಿಕ್ಕಿತು.”

ಕೂರಿಸಲು ಎರಡು ಬೊಂಬೆಗಳಿದ್ದವು. ಮಾವ ಮೀಸೆಯ ಬೊಂಬೆಯನ್ನು, ಅಂದರೆ ಗುರುವನ್ನು, ಹಿಂದೆ ಕೂರಿಸಿಬಿಟ್ಟಿದ್ದರು.

“ಮಾವ, ಗುರು ಮುಂದೆ. ಶಿಷ್ಯ ಹಿಂದೆ.”

“ಅದು ಹೇಗೆ? ಕಲಿಸುವವ ಹಿಂದೆ ಕೂತು ನೋಡ್ಕೊಳ್ಬೇಡ್ವಾ? ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿರ್ತಾನೆ?”

“ಇದು ಬಸ್ಸಲ್ಲ.”

“ಸರಿ ಮಾರಾಯ, ಮುಂದೆಯೇ ಕೂರಿಸುವಾ.” ಬೊಂಬೆಯ ಅಳತೆ ನೋಡಲೆಂದು ತಾವೇ ಮುಂದಿನ ಸೀಟಿಗೆ ಇಳಿದರು. ದಪ್ಪ ಮೈ. ಮೇಲೆ ರೆಕ್ಕೆಯ ನಡುಭಾಗ, ಅದರೊಳಗೆ ಪೆಟ್ರೋಲ್ ಟ್ಯಾಂಕು, ಎದುರಿಗೆ ಅದನ್ನು ಹೊತ್ತ ಕಂಬಿಗಳು. ಇಳಿದದ್ದು ಇಳಿದರು, ಏಳಲು ಆಗಲಿಲ್ಲ.

“ಧನಿಗಳೇ, ಕ್ರೇನ್ ತರಿಸುವಾ?” ಎಂದು ಲವೀನಾ ಬಾಯಿ ಕೇಳಿದರು. ಮಾವ ನಕ್ಕರು. ಬದಿಯ ಚಿಕ್ಕ ಬಾಗಿಲಿನ ಚಿಲಕ ತೆಗೆಯಲು ನಾನು ಹೋದಾಗ, “ಇರ್ಲಿ, ಸ್ವಲ್ಪ ಹೊತ್ತು ಕೂರ್ತೇನೆ” ಎಂದರು. ಅಲ್ಲೇ ಕೂತು, ಇದರ ರೆಕ್ಕೆ ಯಾಕೆ ಹಿಂದಕ್ಕೆ ಬಾಗಿದೆ ಎಂದು ಕೇಳಿದರು.

ಅದು ನಾನು ಆ ವಾರ ಬರೆದಿದ್ದ ಫಲಕ. ಇದಕ್ಕಿಂತ ಮುಂಚಿನ ಮಾದರಿಯಲ್ಲಿ ಮುಂದಿನ ಸೀಟು ಸರಿಯಾಗಿ ಟ್ಯಾಂಕಿನ ಅಡಿಗೆ, ಕಂಬಿಗಳ ನಡುವೆ ಇತ್ತು. ಏನಾದರೂ ಆದರೆ ಹಿಂದಿನವನು ಹಾರಿಕೊಳ್ಳಬಹುದು. ಬೆನ್ನಿಗೆ ಪ್ಯಾರಾಶೂಟ್ ಕಟ್ಟಿದ ಗುರುವಿಗೆ ಹೊರಬರುವುದೇ ಕಷ್ಟ. ಸೈನ್ಯದವರು ಒಪ್ಪಲಿಲ್ಲ. ಅದಕ್ಕಾಗಿ ಮೇಲಿನ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಸರಿಸಿದಾಗ ತೂಕ ತಪ್ಪಿತು, ತೂಕ ಸರಿಮಾಡಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಈ ವಿಮಾನದ ಚೆಲುವೆಂದು ಜನ ಹೊಗಳುವ ಆ ಬಾಗು, ಮುಂದೆ ಕೂತವನು ಇಳಿಯಲೆಂದು ಮಾಡಿದ ದಾರಿ.

“ಇನ್ನೊಮ್ಮೆ ಓದು,” ಎಂದರು ಮಾವ. ಓದಿದೆ. “ಆದರೂ ಕಷ್ಟವೇ ಉಂಟು,” ಎಂದು ನನ್ನ ಭುಜ ಹಿಡಿದು ಹೊರಗೆ ಬಂದರು.

ಆಗಸ್ಟಿನಲ್ಲಿ ಕೊನೆಯ ರೆಕ್ಕೆ ಉಳಿದಿತ್ತು. ಪ್ರಿನ್ಸಿಪಾಲರು ಎರಡನೆಯ ಬಾರಿ ಫೋನು ಮಾಡಿದ್ದರು. ಒಂದು ಮಧ್ಯಾಹ್ನ ಪಟ್ಟಿಯ ನಡುವೆ, ಸೂಜಿ ಲವೀನಾ ಬಾಯಿಯ ಕಡೆ ಇದ್ದಾಗ, ಆಚೆಯಿಂದ ಮಾವನ ದನಿ ಕೇಳಿತು. ಫೋನಿನಲ್ಲಿ ಮಾತಾಡುತ್ತಾ ಬಂದು ರೆಕ್ಕೆಯ ಆ ಬದಿಯಲ್ಲಿ ನಿಂತಿದ್ದರು. ಊಟದ ಹೊತ್ತಾದ್ದರಿಂದ ನಾನು ಹೊರಗೆ ಹೋಗಿದ್ದೇನೆಂದುಕೊಂಡಿರಬೇಕು, ಈ ಬದಿಯಲ್ಲಿರುವುದು ಅವರಿಗೆ ತಿಳಿದಿರಲಿಲ್ಲ. ಫೋನಿನ ಆ ಕಡೆಯಲ್ಲಿದ್ದದ್ದು ಅಮ್ಮ.

“ಇಲ್ಲ ತಂಗಿ, ಅವನಿಗೆ ಹೇಳ್ಬೇಡ. ನೇಮಕ್ಕೆ ಮೊದಲು ನಾನು ಬಂದು ಗಡಿ ಹಿಡಿಯುವುದೇ. ನಾನಲ್ಲದಿದ್ರೆ ರಘು ಕೂರ್ತಾನೆ, ವಿನುತಾನ ಕತೆ ಖಲಾಸ್. ಇಲ್ಲಿಯ ಕಂಪನಿಯಾ? ಅವ ನಿಂತರೆ ನಡೀತದೆ, ಇಲ್ಲದಿದ್ರೆ ಬಾಗಿಲು ಹಾಕುವುದೇ. ಅಲ್ಲ, ನಾನು ಹೇಗೆ ಕೇಳುವುದು? ನಾನು ಕೇಳಿದರೆ ಅವನಿಗೆ ಇಲ್ಲ ಅನ್ಲಿಕ್ಕೆ ಆಗ್ತದಾ? ಅದಕ್ಕೇ ಕೇಳುವುದಿಲ್ಲ. ತಾನಾಗಿ ನಿಂತಾನಾ ಅಂತ ನೋಡ್ತಾ ಇದ್ದೇನೆ.”

ನೇಮವೆಂದರೆ ಮನೆತನದ ದೈವಕ್ಕೆ ವರ್ಷಕ್ಕೊಮ್ಮೆ ನಡೆಯುವ ಉತ್ಸವ. ಗಡಿ ಹಿಡಿಯುವುದೆಂದರೆ ಆ ದೈವದ ಎದುರು ಯಜಮಾನನ ಪಟ್ಟಕ್ಕೆ ಕೂರುವುದು. ಕೂತ ಮೇಲೆ ಏಳುವುದೆಂಬುದಿಲ್ಲ. ನಮ್ಮ ಮನೆಯ ಕಟ್ಟಳೆಯಲ್ಲಿ ಗಡಿ ಹಿಡಿದವನು ಕಡಲು ದಾಟಬಾರದು. ರಘು ಎಂದರೆ ಮಾವನ ದೊಡ್ಡಮ್ಮನ ಮಗ. ದೊಡ್ಡ ಮಾವನಿಗಿಂತಲೂ ಬಿಗಿ.

ನನಗೆ ಅಲ್ಲಿಂದ ಹೋಗಿಬಿಡಬೇಕೆನಿಸಿತು. ಹೋಗಲಾಗಲಿಲ್ಲ, ನೂಲು ನನ್ನ ಕೈಯಲ್ಲಿ ಬಿಗಿದು ನಿಂತಿತ್ತು. ಆ ತುದಿ ಹಿಡಿದ ಲವೀನಾ ಬಾಯಿಗೆ ಎಲ್ಲವೂ ಕೇಳಿಸುತ್ತಿತ್ತು, ನಾನಿರುವುದೂ ಗೊತ್ತಿತ್ತು. ಮಾವನ ಹೆಜ್ಜೆ ದೂರವಾದ ಮೇಲೆ ಸೂಜಿಯ ಮೊನೆ ಬಟ್ಟೆಯಿಂದ ಮೆಲ್ಲಗೆ ಹೊರಬಂತು. “ತಕೋ ಪುತಾ,” ಎಂದರು.

ಹೋಲಿಕೆಗಳ ಮೇಲೆ ನನಗೆ ನಂಬಿಕೆಯಿಲ್ಲ. ಸಾಕ್ಷ್ಯ ಇಲ್ಲದವರು ಹೋಲಿಕೆ ತರುತ್ತಾರೆಂದು ಮಕ್ಕಳಿಗೆ ಈಗಲೂ ಹೇಳುತ್ತೇನೆ. ಆದರೂ ಆ ರಾತ್ರಿಯಿಡೀ ನನಗೆ ಮುಸುಕಿನಡಿಯ ಶಿಷ್ಯ ಮರೆತುಹೋಗಿ, ಟ್ಯಾಂಕಿನಡಿ ಕೂತವನ ಬೆನ್ನು ಮಾತ್ರ ಕಾಣುತ್ತಿತ್ತು.

ಮರುದಿನ ಮಾವ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತಿದ್ದಾಗ ಎದುರು ಕೂತೆ.

“ಮಾವ, ನೀವು ದೈವವನ್ನು ನಂಬ್ತೀರಾ?”

“ಎಂತಕ್ಕೆ, ಫಲಕಕ್ಕೆ ಬರೀಲಿಕ್ಕಾ?”

“ಹೇಳಿ.”

ಲೋಟ ಕೆಳಗಿಟ್ಟರು. ನನಗೆ ತಿಳಿದುಹೋಗಿದೆ ಎಂಬುದು ಅವರಿಗೆ ಆಗಲೇ ತಿಳಿಯಿತೆಂದು ಕಾಣುತ್ತದೆ. “ಇಲ್ಲ ಮಾರಾಯ. ಇಷ್ಟು ವರ್ಷ ಥರ್ಮಕೋಲಿನ ಅರಮನೆ ಕಟ್ಟಿದವ ನಾನು. ಎದುರಿಂದ ಹೇಗೆ ಕಾಣ್ತದೆ, ಹಿಂದಿಂದ ಹೇಗೆ ಇರ್ತದೆ, ಎರಡೂ ಗೊತ್ತು.”

“ಮತ್ತೆ ಯಾಕೆ ಕೂರ್ತೀರಿ? ನಂಬದವನು ಕೂರುವುದು ಮೋಸ ಅಲ್ಲವಾ?”

“ನಂಬಿದವರು ಕೂತು ಎಂತ ಆಯ್ತು? ದೊಡ್ಡ ಮಾವ ನಂಬಿದ್ರು, ನಿನ್ನ ಅಕ್ಕ ಹೊರಗೆ. ರಘು ಇನ್ನೂ ಜಾಸ್ತಿ ನಂಬ್ತಾನೆ. ನಂಬದವ ಒಬ್ಬ ಕೂತರೆ ಬಾಗಿಲು ತೆಗೀಬಹುದು.”

ನಾನು ಬಿಡಲಿಲ್ಲ. ಆ ಮೆಟ್ಟಿಲು ಹತ್ತಿದರೆಷ್ಟು ಬಿಟ್ಟರೆಷ್ಟು, ಒಂದು ಮನೆಯ ಬಾಗಿಲಿಗಾಗಿ ಒಬ್ಬ ಮನುಷ್ಯನ ಉಳಿದ ಆಯುಷ್ಯವನ್ನು ತೆರುವುದು ಯಾವ ತರ್ಕ, ಅಕ್ಕನಿಗೆ ಆ ಬಾಗಿಲು ಬೇಕೆಂದು ಯಾರು ಹೇಳಿದರು ಎಂದು ಒಂದರ ಮೇಲೊಂದು ಹೇರಿದೆ. ಮಾವ ಮೊದಲ ಬಾರಿಗೆ ನನ್ನ ಮಾತನ್ನು ತಡೆದರು.

“ನೀನು ಅವಳ ಹತ್ರ ಕೇಳಿದ್ದಿಯಾ?”

“ಅದು ಕೇಳಬೇಕಾದ ವಿಷಯವಾ?” ಎಂದೆ.

“ನಾನು ಕೇಳಿದ್ದೇನೆ,” ಎಂದರು. “ಅವಳು ಅತ್ತು ಫೋನಿಟ್ಟಳು. ಆಮೇಲೆ ಅವಳೇ ಮಾಡಿ, ಬೇಡ ಮಾವ, ನೀವು ಅಲ್ಲೇ ಇರಿ ಅಂದಳು. ಬೇಡದವಳು ಅಳುವುದು ಎಂತಕ್ಕೆ? ನೀನೇ ಹೇಳು, ನಿನಗೆ ತರ್ಕ ಗೊತ್ತುಂಟಲ್ಲ.”

ಲೋಟದ ಚಹಾ ಮುಗಿಸಿ ಎದ್ದರು. “ಲವೀನಾ ಬಾಯಿಗೂ ಉಳಿದವರಿಗೂ ಶಾರ್ಜಾದಲ್ಲಿ ನನ್ನ ದೋಸ್ತಿ ಹತ್ರ ಹೇಳಿಟ್ಟಿದ್ದೇನೆ. ನೀನು ನಾಳೆ ಪಾಸ್‌ಪೋರ್ಟ್ ತಕೊಂಡು ಬಾ. ಟೈಪಿಂಗ್ ಸೆಂಟರಿಗೆ ಹೋಗಿ ವೀಸಾ ಕ್ಯಾನ್ಸಲಿಗೆ ಅರ್ಜಿ ಹಾಕುವಾ. ಯಲ್ಲಾ, ಆ ರೆಕ್ಕೆ ಮುಗಿಸು.”

ನಾನು ಬೇಸಿಗೆಯಿಡೀ ಬೇಡಿದ ಸಹಿ ಮರುದಿನ ಚಹಾದ ಹೊತ್ತಿಗೆ ಬಿತ್ತು. ನಾನು ನಿಲ್ಲುತ್ತೇನೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಅವರೂ ಅದಕ್ಕೆ ಕಾಯಲಿಲ್ಲ. ಅಲ್ ಐನ್‌ಗೆ ಹೊರಟ ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಎಡಕ್ಕೂ ಬಲಕ್ಕೂ ಕೆಂಪು ಮರಳು, ಅದರ ಎದುರು ಉದ್ದದ ತಂತಿಬೇಲಿ. ಬಿಡುಗಡೆ ಎಂಬ ಪದಕ್ಕೆ ನಾನು ಹಿಂದೆಂದೂ ಅಷ್ಟು ಕೆಟ್ಟ ಉದಾಹರಣೆ ನೋಡಿರಲಿಲ್ಲ.

ಲಾಬಿಯ ಕೆಲಸ ತಡವಾಗಿ, ವಿಮಾನ ಮೇಲೇರುವ ಹೊತ್ತಿಗೆ ಮಾವ ಊರಿಗೆ ಹೋಗಿಯಾಗಿತ್ತು. ಆ ಚಳಿಗಾಲದಲ್ಲಿ ಗಡಿ ಹಿಡಿದರು. ಅಕ್ಕ ಫೋಟೋ ಕಳಿಸಿದಳು: ಚಾವಡಿಯಲ್ಲಿ ಬಾಳೆಲೆಯ ಮುಂದೆ ಅವಳು, ಪಕ್ಕದಲ್ಲಿ ಭಾವ, ಇಬ್ಬರಿಗೂ ಎಲ್ಲಿ ನೋಡಬೇಕೆಂದು ಗೊತ್ತಿಲ್ಲ. ಹಿಂದೆ ಬಿಳಿ ಮುಂಡಾಸು ಸುತ್ತಿ ಮಾವ. ಆರು ತಿಂಗಳು ಹೊರಗಿದ್ದರೆ ಇಲ್ಲಿಯ ವೀಸಾ ತಾನಾಗಿ ಸಾಯುತ್ತದೆ, ಅವರದೂ ಸತ್ತಿತು. ಲವೀನಾ ಬಾಯಿ ಶಾರ್ಜಾದಲ್ಲಿ ಸೋಫಾ ಹೊಲಿಯುತ್ತಾರೆ.

ಈ ವರ್ಷ ಅಮ್ಮ ಫೋನು ಮಾಡಿದರು. ನೇಮದ ದಿನ ಗಡಿಯವರ ಹಿಂದೆ ಅಳಿಯ ನಿಲ್ಲಬೇಕಂತೆ. ನಾನು ಬಾರದಿದ್ದರೆ ಆ ರಘುವಿನ ಅಳಿಯನನ್ನು ನಿಲ್ಲಿಸುತ್ತಾರಂತೆ.

“ಸುಮ್ಮನೆ ನಿಲ್ಲುವುದು ಮಗಾ. ಅಷ್ಟೇ.”

ನಿಂತವನೇ ಮುಂದೆ ಕೂರಬೇಕೆಂದು ಎಲ್ಲಿದೆ ಎಂದು ಕೇಳಿದೆ. ಎಲ್ಲೂ ಇಲ್ಲ ಎಂದರು. ಹಾಗಾದರೆ ನಿಲ್ಲುವುದರಲ್ಲಿ ಅರ್ಥವೇನು ಎಂದೆ. ಅರ್ಥ ಏನೂ ಇಲ್ಲ, ಬಾ ಎಂದರು. ಅರ್ಥವಿಲ್ಲದ್ದಕ್ಕೆ ಯಾರನ್ನೂ ಕಟ್ಟಿಹಾಕುವ ಶಕ್ತಿಯೂ ಇಲ್ಲವೆಂದು ನನಗೆ ನಾನೇ ಸಾಧಿಸಿಕೊಂಡು ಟಿಕೆಟ್ ಮಾಡಿದೆ.

ಮೊನ್ನೆ ಮಾವನಿಗೆ ಫೋನು ಮಾಡಿ ತಿಳಿಸಿದೆ. “ಹೌದಾ?” ಎಂದರು. ಅವರ ಹೌದಾಗಳೆಲ್ಲ ನನಗೆ ಪರಿಚಯ, ಇದು ಹೊಸದು.

“ನಾನೂ ಒಂದೇ ಸಲ ನಿಂತದ್ದು ಮಾರಾಯ, ದೊಡ್ಡ ಮಾವನ ಹಿಂದೆ. ದುಬೈಯಿಂದ ರಜೆಯಲ್ಲಿ ಬಂದಿದ್ದೆ. ಸುಮ್ಮನೆ ನಿಂತರೆ ಸಾಕು ಅಂದಿದ್ಲು ನಿನ್ನ ಅಜ್ಜಿ.”

ನಾನು ಹೊರಡುವ ತಾರೀಖು ಹೇಳಿದೆ.

“ಅದು ಕ್ಯಾನ್ಸಲ್ ಮಾಡ್ಲಿಕ್ಕೆ ಆಗುವ ಟಿಕೆಟಾ?” ಎಂದು ಕೇಳಿದರು.

ಆಗುವಂಥದ್ದೇ. ಇಲ್ಲ ಮಾವ, ಆಗುವುದಿಲ್ಲ ಎಂದೆ.